ಹನ್ನೊಂದರ ಬಸ್ಸಿನ ಬುತ್ತಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಾಗಾಗಿ ಕಾಲೇಜಿನಲ್ಲಿ ಪಾಸಾಗುವುದು ಹೇಗೆಂಬುದು ಬಬಲೇಶ್ವರದ ನಮ್ಮ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆ ತುಂಬ ಉಂಡರೆ ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ಅವ್ವನ ಸಿದ್ಧಾಂತ. ಅರವತ್ತರ ದಶಕದ ಆರಂಭದಲ್ಲಿ ನಾನು ವಿಜಾಪುರದ ಸೊಲ್ಲಾಪುರ ರಸ್ತೆಯ ಸಂದಿಯೊಂದರಲ್ಲಿ ಕೋಣೆ ಹಿಡಿದು ಪಿ.ಯು.ಸಿ. ಓದುತ್ತಿದ್ದಾಗ, ದಿನಾ ನನ್ನ ಬುತ್ತಿ ಊರಿನ ಬಸ್ಸಿನಲ್ಲಿ ಬರುತ್ತಿತ್ತು. ಅಪ್ಪ ಡಬ್ಬಿಯನ್ನು ಕಂಡಕ್ಟರನ ಕೈಗೆ ಕೊಡುವುದು, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವುದು. ಹಳ್ಳಿಯಿಂದ ಬಂದ ಹುಡುಗರದೆಲ್ಲ ಇದೇ ಪದ್ಧತಿ.

ಬಸ್ಸು ಹನ್ನೊಂದಕ್ಕೆ ಬರಬೇಕು. ಹನ್ನೊಂದಕ್ಕೆ ಬಂದದ್ದನ್ನು ನಾನಂತೂ ಕಂಡವನಲ್ಲ. ಒಂದು ದಿನ ಟೈರು ಪಂಕ್ಚರ್, ಇನ್ನೊಂದು ದಿನ ಕಂಡಕ್ಟರನ ಚಹಾ, ಮತ್ತೊಂದು ದಿನ ಯಾರದೋ ಆಡು ಬಸ್ಸಿನಿಂದ ಇಳಿಯಲು ಒಲ್ಲೆ ಅಂದಿತ್ತು. ಇಂಗ್ಲಿಷ್ ತಾಸು ಮಾತ್ರ ಸರಿಯಾಗಿ ಹನ್ನೊಂದಕ್ಕೆ ಶುರುವಾಗಿ, ನಾನು ಡಬ್ಬಿ ಹಿಡಿದು ಕೋಣೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತಿತ್ತು. ಹಾಜರಿ ಕೂಗಿದಾಗ ನನ್ನ ನಂಬರಿಗೆ ‘ಯೆಸ್ ಸರ್’ ಅನ್ನುವ ಕೆಲಸ ತಿಕೋಟಾದಿಂದ ಬಂದಿದ್ದ ನನ್ನ ಕೋಣೆಯ ಗೆಳೆಯನದು. ಅದಕ್ಕೆ ಬುತ್ತಿಯಲ್ಲಿ ಅವನಿಗೆ ಅರ್ಧ ಪಾಲು.

ಆರು ತಿಂಗಳ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನೂರಕ್ಕೆ ಹನ್ನೊಂದು ಬಂತು. ದೀಪಾವಳಿ ಸೂಟಿಗೆ ಊರಿಗೆ ಹೋದಾಗ ಪಡಸಾಲೆಯಲ್ಲಿ ನನ್ನ ಪಂಚಾಯ್ತಿ ಕೂಡಿತು.

“ತುಪ್ಪ ಕಡಿಮಿ ಬಿತ್ತು ನನ್ನ ಕೂಸಿಗೆ. ಇನ್ನ ಎರಡ ಡಬ್ಬಿ ಕಳಸ್ತೀನಿ” ಎಂದಳು ಅವ್ವ.

“ಆ ಕ್ರಾಪ್ ತಗಸಲೇ ಅಂತ ಬಡ್ಕೊಂಡೆ. ಕೂದಲಾ ಬಾಚೂದರಾಗ ಹೊತ್ತ ಹೋದ್ರ ಓದೂದು ಯಾವಾಗ?” ಎಂದ ಅಪ್ಪ.

ಸೋದರಮಾವನೂ ಬಂದಿದ್ದ. ಮೆಟ್ರಿಕ್ಕಿಗೆ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದವನಾದ್ದರಿಂದ ಪರೀಕ್ಷೆಯ ಅನುಭವ ತನಗಿದ್ದಷ್ಟು ಯಾರಿಗಿದೆ ಎಂಬ ಧಿಮಾಕು ಅವನಿಗೆ. “ಅಕ್ಷರ ದೊಡ್ಡದಾಗಿ ಬರಿಯಪಾ, ಪೇಪರ್ ತುಂಬಸು. ತಪಾಸ್ ಮಾಡಾವ್ರು ಎಲ್ಲಾ ಓದ್ಕೋತ ಕೂಡ್ತಾರೇನು?”

ನನಗೆ ನಗು ಬರಲಿಲ್ಲ. ತಂಗಿ ಆ ವರ್ಷ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಳು, ಮುಂದೆ ಕಲಿಯಬೇಕೆಂದು ಹಟ ಹಿಡಿದಿದ್ದಳು. “ನಿಮ್ಮಣ್ಣ ಪಾಸಾದ್ರ ನಿನ್ನೂ ಹೈಸ್ಕೂಲಿಗೆ ಹಾಕ್ತೀನಿ. ಅವ ಫೇಲಾದ್ರ ನಿನ್ನ ಸಾಲೀನೂ ಮುಗೀತು ತಿಳಿ” ಎಂದು ಅಪ್ಪ ಮಾತು ಕೊಟ್ಟಿದ್ದ. ನನ್ನ ಹನ್ನೊಂದು ಅಂಕದ ಮೇಲೆ ಅವಳ ಶಾಲೆ ನಿಂತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅವಳು ಕೇಳಿದಳು: “ಅಣ್ಣಾ, ಇಂಗ್ಲಿಷ್ ತಾಸು ಎಷ್ಟಕ್ಕ ಇರತೈತಿ?”

“ಹನ್ನೊಂದಕ್ಕ.”

“ಬಸ್ಸು?”

“ಅದೂ ಹನ್ನೊಂದಕ್ಕ.”

“ಮತ್ತ ಎರಡೂ ಕಡೆ ನೀ ಹ್ಯಾಂಗ ಇರ್ತಿ?”

“ದೊಡ್ಡವರ ಮಾತಿನಾಗ ಬಾಯಿ ಹಾಕಬ್ಯಾಡ” ಎಂದು ಅಪ್ಪ ಗದರಿದ.

ಆದರೂ ಅವಳು ಹೇಳಿಯೇಬಿಟ್ಟಳು. ಅವಳ ಉಪಾಯ ಸರಳವಾಗಿತ್ತು. ಖಡಕ್ ರೊಟ್ಟಿ ಎಂಟು ದಿನ ಕೆಡುವುದಿಲ್ಲ, ಶೇಂಗಾ ಹಿಂಡಿಯಂತೂ ತಿಂಗಳಾದರೂ ಕೆಡುವುದಿಲ್ಲ. ವಾರಕ್ಕೊಮ್ಮೆ ನಾನೇ ಊರಿಗೆ ಬಂದು ಗಂಟು ಕಟ್ಟಿಕೊಂಡು ಹೋದರೆ ಬಸ್ ಸ್ಟ್ಯಾಂಡ್ ಕಾಯುವ ಉಸಾಬರಿಯೇ ಇಲ್ಲ. ಅವ್ವ ಕಣ್ಣೀರು ಹಾಕಿದಳು. “ಮಗಗ ಒಣ ರೊಟ್ಟಿ ತಿನಸ್ತಾಳಂತ ಮಂದಿ ಆಡ್ಕೊಳ್ಳಾಂಗಿಲ್ಲೇನ? ನಾ ಅಂಥಾ ರೊಟ್ಟಿ ಬಡಿಯಾಕಿ ಅಲ್ಲ” ಎಂದಳು. ನಾನು ಹೊರಡುವ ಹಿಂದಿನ ಶನಿವಾರ ತಂಗಿಯೇ ಒಲೆಯ ಮುಂದೆ ಕೂತು, ಪಾಟಿಚೀಲ ಪಕ್ಕಕ್ಕಿಟ್ಟು, ವಾರದ ರೊಟ್ಟಿ ಬಡಿದಳು.

ಸೂಟಿ ಮುಗಿದ ಮೇಲೆ ಮೊದಲ ಸಲ ನಾನೇ ಹಾಜರಿಗೆ ‘ಯೆಸ್ ಸರ್’ ಅಂದೆ. ಇಂಗ್ಲಿಷ್ ಸರ್ ತಲೆ ಎತ್ತಿದರು. “ನೆಗಡಿ ಆಗೇತೇನು? ದನಿ ಬ್ಯಾರೆ ಕೇಳಸ್ತೈತಿ.” ಹಿಂದಿನ ಬೆಂಚಿನ ಗೆಳೆಯ ನನ್ನನ್ನು ತಿಂದುಬಿಡುವಂತೆ ನೋಡಿದ. ಬಿಸಿ ರೊಟ್ಟಿ, ತುಪ್ಪ ಎರಡೂ ಕಳೆದುಕೊಂಡ ಸಿಟ್ಟು ಅವನಿಗೆ.

ನಾನು ಪಾಸಾದೆ. ಊರಲ್ಲಿ ಪೇಢೆ ಹಂಚಿದರು. ದೀಪಾವಳಿಯ ತನಕ ಉಣಿಸಿದ ತುಪ್ಪ ಕೈಬಿಡಲಿಲ್ಲ ಎಂದಳು ಅವ್ವ. ಕ್ರಾಪು ತೆಗೆಸಿದ್ದರಿಂದ ಎಂದ ಅಪ್ಪ. ಮಾವ ನನ್ನ ಅಕ್ಷರದ ಗಾತ್ರ ವಿಚಾರಿಸಿ ತಾನೇ ಪಾಸಾದಂತೆ ಮೀಸೆ ತಿರುವಿದ.

ನನಗೆ ತಡೆಯಲಾಗಲಿಲ್ಲ. “ಯಪ್ಪಾ, ತುಪ್ಪಾನೂ ಅಲ್ಲ, ಕ್ರಾಪೂ ಅಲ್ಲ. ತಂಗಿ ಶಾಣ್ಯಾತನದಿಂದ ನಾ ಪಾಸಾಗೀನಿ. ಮಾತ ಕೊಟ್ಟಿದ್ದಿ, ಅಕಿನ್ನ ಹೈಸ್ಕೂಲಿಗೆ ಹಾಕು” ಎಂದೆ.

ಅಪ್ಪ ಅವಳತ್ತ ತಿರುಗಿ ನೋಡಿದ. ಅವನ ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು.

“ಖರೆ ಐತಿ ನೀ ಅನ್ನೂದು. ಈಗಾಗಲೇ ಇಷ್ಟ ಶಾಣ್ಯಾಕಿ ಅದಾಳ. ಇನ್ನ ಸಾಲಿ ಕಲತ ಏನ ಮಾಡ್ತಾಳ?”

ಎಲ್ಲರೂ ಹೌದೌದು ಅಂದರು. ತಂಗಿ ಪೇಢೆಯ ತಾಟು ಕೆಳಗಿಟ್ಟು ಒಳಗೆ ಹೋದಳು. ಜೂನಿನಲ್ಲಿ ನಾನು ಮತ್ತೆ ವಿಜಾಪುರಕ್ಕೆ ಹೊರಟಾಗ ಗಂಟು ಕೈಗಿಟ್ಟು, “ಈ ವರ್ಷ ತಾಸು ಎಷ್ಟಕ್ಕ ಅದಾವ, ಅಣ್ಣಾ?” ಎಂದಷ್ಟೇ ಕೇಳಿದಳು. ನಾನು ಬಿ.ಎ. ಮುಗಿಸುವ ತನಕ ಪ್ರತಿ ಶನಿವಾರ ಅವಳು ರೊಟ್ಟಿ ಬಡಿದಳು. ನಾನು ತಿಂದೆ.