ಹೆಜ್ಜೇನು ಇಳಿದ ಬೆಳಿಗ್ಗೆ

ಒಂದು ಕೋಳಿಯನ್ನು ಕೊಯ್ದು, ಚರ್ಮ ಸುಲಿದು, ತುಂಡು ಮಾಡಿ ಚೀಲಕ್ಕೆ ಹಾಕಲು ಅವಳಿಗೆ ನಾಲ್ಕು ನಿಮಿಷ ಸಾಕಿತ್ತು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಗಂಡ ತೀರಿಕೊಂಡಾಗ ಅಂಗಡಿ ಮೈದುನನಿಗೇ ಬರಬೇಕಿತ್ತು. ಆದರೆ ರಕ್ತ ಕಂಡರೆ ಅವನಿಗೆ ಕಣ್ಣು ಕತ್ತಲಿಡುತ್ತಿತ್ತು. ಹಾಗಾಗಿ ಮಚ್ಚು ಅತ್ತಿಗೆಯ ಕೈ ಸೇರಿತು. ಅವನು ಗಿರಾಕಿಗಳ ಕಡೆ ಮುಖ, ಅವಳ ಕಡೆ ಬೆನ್ನು ಮಾಡಿ ಕೂರುವುದು ರೂಢಿಯಾಯಿತು. ಬೀದಿಯವರಿಗೆಲ್ಲ ಅವಳು ಕೋಳಿ ಅಕ್ಕ.

ಕೈ ತನ್ನ ಪಾಡಿಗೆ ಕೊಯ್ಯುತ್ತಿದ್ದರೆ ಕಣ್ಣು ಬೀದಿ ಸುತ್ತುತ್ತಿತ್ತು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅತ್ತಿ ಸಸಿಗೆ ಈ ವಾರ ಎಷ್ಟು ಎಲೆ ಬಂದಿದೆ, ಕಿವಿ ಹರಿದ ಬೆಕ್ಕು ಯಾವ ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದೆ, ಎಲ್ಲ ಅವಳಿಗೆ ಗೊತ್ತು. ದಿನಾ ಹತ್ತು ಗಂಟೆಗೆ ಒಂದು ಕಣಜದ ಹುಳ ಬರುತ್ತಿತ್ತು. ಕೋಳಿ ಕೊಚ್ಚುವ ದಿಮ್ಮಿಯ ಅಂಚಿನಲ್ಲಿ ಅವಳು ಬಿಟ್ಟಿಟ್ಟ ಮಾಂಸದ ಚೂರನ್ನು ಕಚ್ಚಿ, ಕತ್ತರಿಸಿ, ಸಾಸಿವೆ ಕಾಳಿನಷ್ಟು ಉಂಡೆ ಕಟ್ಟುತ್ತಿತ್ತು. ಎತ್ತಿಕೊಂಡು ಹಾರಿದರೆ ಭಾರಕ್ಕೆ ಒಂದು ಸಲ ನೆಲ ಮುಟ್ಟಿಯೇ ಮೇಲೇಳುತ್ತಿತ್ತು.

“ಅತ್ತಿಗೆ, ನಿಮ್ಮ ಖಾಯಂ ಗಿರಾಕಿ ಬಂದ್ರು. ಚರ್ಮ ಬೇಕೋ ಬೇಡ್ವೋ ಕೇಳಿ,” ಎನ್ನುತ್ತಿದ್ದ ಮೈದುನ, ಹಿಂದೆ ತಿರುಗದೆ.

ಎದುರಿಗೆ ಐದು ಅಂತಸ್ತಿನ ಅಪಾರ್ಟ್‌ಮೆಂಟು. ಅದರ ಮೂರನೇ ಮಹಡಿಯ ಬಾಲ್ಕನಿಯ ಅಡಿಯಲ್ಲಿ ಮೊರದಗಲದ ಹೆಜ್ಜೇನು ಕಟ್ಟಿತ್ತು. ಹದ್ದೊಂದು ಹತ್ತಿರದಲ್ಲಿ ಹಾದರೆ ಸಾಕು, ಮೇಲಿದ್ದ ಹುಳುಗಳೆಲ್ಲ ಒಟ್ಟಿಗೆ ಬೆನ್ನೆತ್ತಿ, ಇಡೀ ಗೂಡಿನ ಮೇಲೆ ಅಲೆಯೊಂದು ಹೊಳೆದು ಸರಿದುಹೋಗುತ್ತಿತ್ತು. ಇದನ್ನು ಮೊದಲು ಕಂಡವನು ಆ ಕಟ್ಟಡದ ವಾಚ್‌ಮನ್ ತಾತ. ಹಳೆಯ ಅಪಘಾತದಲ್ಲಿ ಎಡಗಾಲು ಜಜ್ಜಿಹೋಗಿ, ಗೇಟಿನ ಪಕ್ಕದ ಕುರ್ಚಿಯೇ ಅವನ ಲೋಕವಾಗಿತ್ತು. ಹದ್ದು ಕಂಡ ಕೂಡಲೇ ಅಲ್ಲಿಂದಲೇ ಕೂಗುತ್ತಿದ್ದ, “ಬಂತು ತಾಯೀ, ನೋಡು ನೋಡು!” ಅವಳು ಎತ್ತಿದ ಮಚ್ಚನ್ನು ಹಾಗೇ ಹಿಡಿದು ತಲೆಯೆತ್ತುತ್ತಿದ್ದಳು. ಗಿರಾಕಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಆ ಗೂಡು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಅವನು ಕೀಟ ಓಡಿಸುವವನೊಬ್ಬನನ್ನು ಕರೆದುಕೊಂಡು ಬಂದ. ಬಂದವನು ರೇನ್‌ಕೋಟು, ಹೆಲ್ಮೆಟ್ಟು ಹಾಕಿಕೊಂಡು, ಉದ್ದನೆಯ ಕೋಲಿನ ತುದಿಗೆ ಸೀಮೆಎಣ್ಣೆ ಬಟ್ಟೆ ಸುತ್ತತೊಡಗಿದ. ಅಕ್ಕ ಕೈಯ ರಕ್ತವನ್ನೂ ತೊಳೆಯದೆ ಬೀದಿ ದಾಟಿದಳು.

“ಸಾರ್, ಹಗಲು ಹೊತ್ತು ಮುಟ್ಟಬೇಡಿ. ಬೀದಿ ತುಂಬ ಜನ ಇದಾರೆ. ತಿಂಗಳಾದ್ರೆ ಅವೇ ಎದ್ದು ಹೋಗ್ತವೆ.”

“ನಿಮಗೆ ಕೋಳಿ ವಿಷಯ ಗೊತ್ತು, ಕೋಳಿ ನೋಡ್ಕೊಳಿ,” ಎಂದ ಸೆಕ್ರೆಟರಿ. “ಸಂಜೆ ಮನೆ ನೋಡೋಕೆ ಜನ ಬರ್ತಾರೆ. ಅಷ್ಟರೊಳಗೆ ಆಗ್ಬೇಕು.”

ಕೋಲು ಹಿಡಿದವನೂ ಗೊಣಗಿದ. “ನಾನೂ ಕತ್ತಲಾದ್ಮೇಲೆ ಮಾಡೋಣ ಅಂದೆ ಸಾರ್.”

“ಹಚ್ಚಯ್ಯಾ ಸುಮ್ನೆ!” ಎಂದು ಸೆಕ್ರೆಟರಿ ಗದರಿದ. ಅವನು ಕೋಲು ಹಿಡಿದು ಎರಡನೇ ಮಹಡಿಗೆ ಹತ್ತಿದ.

ಅವಳು ತಾತನ ಕಡೆ ತಿರುಗಿ, “ಒಳಗೆ ಹೋಗಿ ಕೂತ್ಕೊ ತಾತ,” ಎಂದಳು. “ಗೇಟ್ ಬಿಟ್ಟು ಹೋದ್ರೆ ಸಾಹೇಬ್ರು ಬೈತಾರೆ,” ಎಂದ ತಾತ.

ಅವಳು ಅಂಗಡಿಗೆ ಮರಳಿ ಒಂದು ಕೋಳಿಯ ಕುತ್ತಿಗೆ ಹಿಡಿದಿದ್ದಳಷ್ಟೆ. ಮೇಲಿನಿಂದ ಸದ್ದು ಬಂತು. ಗುಂಯ್ ಎನ್ನುವ ಸದ್ದಲ್ಲ, ಜಲ್ಲಿ ತುಂಬಿದ ಲಾರಿ ಒಮ್ಮೆಲೇ ಸುರಿದ ಹಾಗೆ. ಬೆಂಕಿ ತಾಗಿದ ಅರ್ಧ ಗೂಡು ಕಳಚಿ, ಉರಿಯುತ್ತಲೇ ನೆಲಕ್ಕೆ ಬಿದ್ದು ಒಡೆಯಿತು. ಉಳಿದ ಹುಳುಗಳು ಕಪ್ಪಗೆ ಬೀದಿಗಿಳಿದವು.

ಕೋಲಿನವನು ಕೋಲು ಬಿಸಾಕಿ ಮೆಟ್ಟಿಲಲ್ಲಿ ಉರುಳುತ್ತ ಓಡಿದ. ಸ್ಕೂಟರಿನವನೊಬ್ಬ ಗಾಡಿ ಕೆಡವಿ, ಮುಖ ಬಡಿದುಕೊಳ್ಳುತ್ತ ಚರಂಡಿಗೆ ಹಾರಿದ. ಕಿವಿ ಹರಿದ ಬೆಕ್ಕು ಮೆಟ್ಟಿಲ ಮೇಲೆ ಗಿರಗಿರ ಸುತ್ತಿ ಅಲ್ಲೇ ಬಿತ್ತು. ತಾತ ಕುಂಟುತ್ತ ಕಟ್ಟಡದ ಗಾಜಿನ ಬಾಗಿಲು ಮುಟ್ಟುವಷ್ಟರಲ್ಲಿ ಅದು ಒಳಗಿನಿಂದ ಹಾಕಿಕೊಂಡಿತ್ತು. ಎರಡೂ ಕೈಯಲ್ಲಿ ಬಡಿದ. ಗಾಜಿನ ಆಚೆ ಸೆಕ್ರೆಟರಿ ಚಿಲಕ ಹಿಡಿದು ನಿಂತಿದ್ದ.

ಅವಳು ಗೋಣಿಚೀಲ ತಲೆಗೆ ಹಾಕಿಕೊಂಡು ನುಗ್ಗಿದಳು. “ತೆಗೀರಿ! ಸಾಯ್ತಾನೆ ಮುದುಕ, ತೆಗೀರಿ!”

“ಒಳಗೆ ಮಕ್ಕಳಿದಾರೆ!” ಎಂದು ಕಿರುಚಿದ ಅವನು. ಸುಳ್ಳಲ್ಲ, ಅವನ ಬೆನ್ನ ಹಿಂದೆ ಇಬ್ಬರು ಮಕ್ಕಳು ಅಳುತ್ತಿದ್ದರು. ಆದರೆ ಬಾಗಿಲು ತೆರೆಯಲಿಲ್ಲ.

ತಾತನ ಬೋಳುತಲೆಯ ಮೇಲೆ ಚರ್ಮವೇ ಕಾಣುತ್ತಿರಲಿಲ್ಲ, ಹುಳುಗಳು ಮೆತ್ತಿದ್ದವು. ಅವಳು ಅವನ ಕಂಕುಳಿಗೆ ಕೈ ಹಾಕಿ ಎಳೆದಳು. ಅಂಗಡಿಗೆ ಹದಿನೈದು ಹೆಜ್ಜೆ. ಕಣ್ಣ ರೆಪ್ಪೆ, ತುಟಿ, ಕಿವಿಯೊಳಗೆ, ಕೆಂಡ ಒತ್ತಿದ ಹಾಗೆ ಕುಟುಕು. ನಡುಬೀದಿಯಲ್ಲಿ ಒಂದು ಹುಳ ಬಾಯೊಳಗೆ ಹೋಗಿ ನಾಲಿಗೆಗೆ ಕುಟುಕಿತು. ಅವಳು ತಾತನ ಕೈ ಬಿಟ್ಟಳು. ಬಿಟ್ಟು ಓಡಿದಳು. ಮೈದುನ ಅರ್ಧ ಇಳಿಸಿದ್ದ ಶಟರಿನ ಕೆಳಗೆ ತೂರಿ ಒಳಗೂ ಹೋದಳು. ಒಳಗೆ ನಿಂತು ಉಸಿರೆಳೆದುಕೊಂಡ ಮೇಲೆ, ಹೊರಗೆ ತಾತ ಮಗುಚಿ ಬಿದ್ದು ಮೊಣಕೈ ಊರುತ್ತಿದ್ದುದು ಕಂಡಿತು. ಮತ್ತೆ ಹೊರಗೆ ಹೋದಳು.

ಈ ಸಲ ಅವಳ ಹಿಂದೆ ಮೈದುನನೂ ಬಂದ. ನೀರಿನ ಡ್ರಮ್ಮಿನಲ್ಲಿ ಅದ್ದಿದ ಗೋಣಿಚೀಲ ತಾತನ ಮೇಲೆ ಎಸೆದು, ಕಾಲು ಹಿಡಿದ. ಇಬ್ಬರೂ ಮುದುಕನನ್ನು ದರದರ ಎಳೆದು ಒಳಗೆ ಹಾಕಿ ಶಟರ್ ಇಳಿಸಿದರು. ಜೊತೆಗೆ ಬಂದ ಹುಳುಗಳು ಪಂಜರಗಳಿಗೆ ನುಗ್ಗಿದವು. ಕಟ್ಟಿಹಾಕಿದಂತಿದ್ದ ಕೋಳಿಗಳು ಓಡಲಾಗದೆ, ಒಂದರ ಮೇಲೊಂದು ಹತ್ತಿ, ತಂತಿಗೆ ತಲೆ ಚಚ್ಚಿಕೊಂಡು ಸತ್ತವು. ಮೈದುನ ತನ್ನ ಚಪ್ಪಲಿಯಿಂದ ಗೋಡೆ, ನೆಲ, ಅತ್ತಿಗೆಯ ಬೆನ್ನು ಎನ್ನದೆ ಹೊಡೆದೇ ಹೊಡೆದ. ತಾತ ಅವಳ ರಬ್ಬರ್ ಏಪ್ರನ್ ಹಿಡಿದವನು ಆಂಬ್ಯುಲೆನ್ಸ್ ಬರುವವರೆಗೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ತಾತನ ಮೈಯಿಂದ ಮುನ್ನೂರಕ್ಕೂ ಹೆಚ್ಚು ಮುಳ್ಳು ಕೆರೆದು ತೆಗೆದರು. ಮೂರನೇ ದಿನ ಮೂತ್ರ ನಿಂತಿತು, ನಾಲ್ಕನೇ ದಿನ ಉಸಿರು. ಮಹಿಳಾ ವಾರ್ಡಿನಲ್ಲಿ ಕಣ್ಣು ಮುಚ್ಚಿ ಊದಿಕೊಂಡು ಮಲಗಿದ್ದ ಅಕ್ಕನಿಗೆ ಈ ಸುದ್ದಿಯನ್ನು ಹೇಗೆ ಹೇಳುವುದೆಂದು ತಿಳಿಯದೆ, ಮೈದುನ ಮಂಚದ ಪಕ್ಕ ನಿಂತು, “ತಾತಂಗೆ ನೋವು ಹೋಯ್ತಂತೆ ಅತ್ತಿಗೆ,” ಎಂದ. ಅವಳಿಗೆ ಅರ್ಥವಾಯಿತು.

ಒಂಬತ್ತನೇ ದಿನ ಅಂಗಡಿ ತೆರೆದರು. ಸತ್ತ ಕೋಳಿಗಳನ್ನೆಲ್ಲ ಮೈದುನನೇ ಎತ್ತಿ ಹಾಕಿ, ನೆಲ ತಿಕ್ಕಿದ್ದ. ಎದುರಿನ ಕುರ್ಚಿಯಲ್ಲಿ ಯಾರೋ ಹೊಸಬ ಕೂತಿದ್ದ. ಹನ್ನೊಂದರ ಹೊತ್ತಿಗೆ ಸೆಕ್ರೆಟರಿ ಬಂದ.

“ಹುಷಾರಾದ್ರಾ? ಒಳ್ಳೇದಾಯ್ತು. ಪಾಪ ಅವನು... ವಯಸ್ಸೂ ಆಗಿತ್ತು ಬಿಡಿ. ಒಂದು ಕೆಜಿ ಕೊಡಿ, ಚರ್ಮ ಬೇಡ.”

ಅವಳು ಮಚ್ಚನ್ನು ದಿಮ್ಮಿಯ ಮೇಲೆ ಅಡ್ಡ ಮಲಗಿಸಿದಳು. ಕೈ ಒರೆಸಿಕೊಂಡಳು. ದಿಮ್ಮಿಯನ್ನು ಬಳಸಿಕೊಂಡು ಹೊರಗೆ ಬಂದು ಅವನ ಮುಖಕ್ಕೆ ಮುಷ್ಟಿಯಿಂದ ಗುದ್ದಿದಳು. ಎಲುಬು ಮುರಿಯುವ ಸದ್ದು ಎಂಥದೆಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಅವನು ಖಾಲಿ ಪಂಜರದ ಮೇಲೆ ಬಿದ್ದ. ಕಾಲರ್ ಹಿಡಿದೆತ್ತಿ ಮತ್ತೆ ಗುದ್ದಿದಳು. “ಬಡಿದ್ನಲ್ಲೋ! ಎರಡೂ ಕೈಲಿ ಬಡಿದ್ನಲ್ಲೋ!” ಮೈದುನ ಸೊಂಟಕ್ಕೆ ಜೋತುಬಿದ್ದು ಎಳೆಯುವ ಹೊತ್ತಿಗೆ ಸೆಕ್ರೆಟರಿಯ ಅಂಗಿಯ ಎದೆ ಪೂರ್ತಿ ಕೆಂಪಾಗಿತ್ತು. ಮೈದುನ ಅದನ್ನು ನೋಡಿದ, ಬೀಳಲಿಲ್ಲ.

ಠಾಣೆಯಲ್ಲಿ ಅವಳನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು. ಕೋಲಿನವನ ಹೇಳಿಕೆ ಆಗಲೇ ಅಲ್ಲಿತ್ತು, ಹಗಲೇ ಹಚ್ಚು ಎಂದವರು ಯಾರೆಂದು ಅವನು ಹೇಳಿಬಿಟ್ಟಿದ್ದ. ತಾತನ ಸಾವಿನ ಕೇಸು ತನ್ನ ಕೊರಳಿಗೇ ಬರುತ್ತದೆಂದು ತಿಳಿದ ಸೆಕ್ರೆಟರಿ, ಮೂಗಿಗೆ ಹತ್ತಿ ತುರುಕಿಕೊಂಡೇ, ತನ್ನ ದೂರು ವಾಪಸ್ ಪಡೆದ.

“ಇನ್ನು ಮೇಲೆ ಯಾರ ಮೇಲೂ ಕೈ ಮಾಡಲ್ಲ, ತಪ್ಪಾಯ್ತು ಅಂತ ಬರೆದುಕೊಡಮ್ಮ,” ಎಂದರು ಇನ್‌ಸ್ಪೆಕ್ಟರು.

“ಕೈ ಮಾಡಲ್ಲ ಅಂತ ಬರೀತೀನಿ ಸಾರ್. ತಪ್ಪಾಯ್ತು ಅಂತ ಬರೆಯಲ್ಲ.”

ಅವರು ಅವಳ ಊದಿದ ಮುಖವನ್ನು ನೋಡಿ, ಅಷ್ಟನ್ನೇ ಬರೆಸಿಕೊಂಡರು.

ಅವಳು ಮೈದುನನ ಜೊತೆ ನಡೆದು ಹೊರಟಳು. ಮೂಲೆ ತಿರುಗಿದ ಮೇಲೆ, “ನಾನೂ ಬಿಟ್ಟು ಓಡಿದ್ದೆ ಕಣೋ,” ಎಂದಳು.

“ವಾಪಸ್ ಹೋದ್ರಲ್ಲ.”

“ಬಿಟ್ಟಿದ್ದಂತೂ ಬಿಟ್ಟಿದ್ದೇ. ಅವನ ಮೂಗು ಮುರಿದ್ರೆ ಅದು ಕಡಿಮೆಯಾಗತ್ತೆ ಅನ್ಕೊಂಡೆನೋ ಏನೋ...”

ಮುಂದೆ ರಸ್ತೆಯ ನಡುವೆ ಎರಡು ಗೊರವಂಕ ಹಕ್ಕಿಗಳು ಜಗಳಕ್ಕೆ ಬಿದ್ದಿದ್ದವು. ಕಾಲಿಗೆ ಕಾಲು ಸಿಕ್ಕಿಸಿ, ಬೆನ್ನು ಕೆಳಗಾಗಿ ಧೂಳಿನಲ್ಲಿ ಹೊರಳಾಡುತ್ತ ಒಂದನ್ನೊಂದು ಕುಕ್ಕುತ್ತಿದ್ದವು. ಸುತ್ತ ನಾಲ್ಕೈದು ಗೊರವಂಕ ನಿಂತು, ಪಂದ್ಯ ನೋಡುವವರ ಹಾಗೆ ಕಿರುಚುತ್ತಿದ್ದವು. ಆ ಕಡೆಯಿಂದ ಆಟೋ ಒಂದು ಬಂತು. ಅವಳು ರಸ್ತೆಗಿಳಿದು, ಬೆರಳ ಗಂಟುಗಳು ಒಡೆದ ಕೈಯನ್ನೆತ್ತಿ ಆಟೋ ನಿಲ್ಲಿಸಿದಳು.

“ಏನಕ್ಕಾ?” ಎಂದ ಆಟೋದವನು.

“ಸ್ವಲ್ಪ ತಡಿ. ಬಿಡಿಸ್ಕೊಳ್ಳಲಿ.”

“ಇವುಗಳನ್ನೂ ಠಾಣೆಗೆ ಕರ್ಕೊಂಡು ಹೋಗೋದಾ ಅತ್ತಿಗೆ?” ಎಂದ ಮೈದುನ.

ಅವಳು ಅರ್ಧವೇ ತೆರೆದಿದ್ದ ಕಣ್ಣಿನಿಂದ, ಕೆಳಗಿನ ಹಕ್ಕಿ ಮೇಲಿನದನ್ನು ಒದ್ದು ತಿರುಗಿಸುವುದನ್ನೇ ನೋಡುತ್ತ ನಿಂತಳು.