ಬಲಗಡೆಯ ಗಿಟಾರು

ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೆಸರು ಕೇಳಿ ಮೋಸ ಹೋಗಬೇಡಿ. ಎಸ್ಟೇಟಿನಲ್ಲಿ ರೈಟರ್ ಅಂದರೆ ಬೆಳಿಗ್ಗೆ ಲೈನ್‌ಮನೆಗಳ ಕೂಲಿಯವರ ಹಾಜರಿ ಹಾಕಿ, ಹಣ್ಣು ಕೊಯ್ಯುವ ಪಿಕಿಂಗ್ ನಡೆಯುವ ಕಡೆ ಸುತ್ತಾಡಿ, ಸಂಜೆ ಮಾಲೀಕರಿಗೆ ಫೋನಿನಲ್ಲಿ ವರದಿ ಒಪ್ಪಿಸುವವನು. ಅಷ್ಟು ಮಾಡಿಕೊಂಡು ಸುಮ್ಮನಿದ್ದಿದ್ದರೆ ನನ್ನಿಂದ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಆದರೆ ನನಗೆ ಬರೆಯುವ ಚಟವೂ ಇತ್ತು. ಅದೂ ಯಾವುದರ ಬಗ್ಗೆ? ಹಾರ್ಡ್ ರಾಕ್ ಸಂಗೀತದ ಬಗ್ಗೆ, ಕನ್ನಡದಲ್ಲಿ.

ಒಂದು ಬ್ಲಾಗ್ ಇಟ್ಟುಕೊಂಡಿದ್ದೆ. ಓದುವವರು ಹೆಚ್ಚೆಂದರೆ ಒಂದು ಮದುವೆ ದಿಬ್ಬಣದಷ್ಟು ಜನ, ಅವರಲ್ಲೂ ಅರ್ಧ ನಮ್ಮ ಕಡೆಯವರೇ. ಮೆಲೋಡಿಕ್ ಹಾರ್ಡ್ ರಾಕ್ ಅಂದರೇನು ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದುದು ಇಷ್ಟೆ: ಗಿಟಾರು ಗುಡುಗಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಆದರೆ ಹಾಡು ಮುಗಿದ ಮೇಲೂ ಪಾತ್ರೆ ತೊಳೆಯುವಾಗ ಗುನುಗಲು ಒಂದು ರಾಗ ಉಳಿಯಬೇಕು. ನನಗೊಂದು ನಿಯಮ ಇತ್ತು. ಯಾವ ಆಲ್ಬಮ್ಮನ್ನೂ ಮೂರು ಸಲ ಪೂರ್ತಿ ಕೇಳದೆ ಬರೆಯುತ್ತಿರಲಿಲ್ಲ. ಇದನ್ನು ನಾನು ಬ್ಲಾಗಿನ ತಲೆಯ ಮೇಲೆಯೇ ಬರೆದು ಹಾಕಿದ್ದೆ, ದೊಡ್ಡ ವ್ರತ ಹಿಡಿದವನ ಹಾಗೆ.

ನಮ್ಮ ಕಡೆಯದೇ ಒಂದು ಬ್ಯಾಂಡ್ ಇತ್ತು. ನಾಲ್ಕು ಜನ. ಮದುವೆಗಳಲ್ಲಿ ಬಾರಿಸಿ ಹೆಸರು ಮಾಡಿದ್ದರು, ಮಧ್ಯೆ ಮಧ್ಯೆ ಸ್ವಂತ ಹಾಡು ಕಟ್ಟುತ್ತಿದ್ದರು. ಹಾಡುಗಾರ ಕಾಫಿ ತೋಟದವನು, ಬ್ಯಾಂಡಿನ ಯಜಮಾನನೂ ಅವನೇ, ಮುಂಗೋಪಿ. ಎರಡನೇ ಗಿಟಾರಿನವನು ನನ್ನ ಗೆಳೆಯ. ಸುಂಟಿಕೊಪ್ಪದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಮನೆಯಲ್ಲಿ ಮಲಯಾಳ, ನಮ್ಮ ಮನೆಯಲ್ಲಿ ಅರೆಭಾಷೆ, ನಮ್ಮಿಬ್ಬರ ನಡುವೆ ಕನ್ನಡ. ಹಗಲು ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ, ಸಂಜೆ ಗಿಟಾರು ಹಿಡಿಯುತ್ತಿದ್ದ. ಮಾತು ಕಡಿಮೆ. ನಾನು ಆಡುವ ಹತ್ತು ಮಾತಿಗೆ ಅವನದು ಒಂದು.

ಅವರ ಮೊದಲ ಆಲ್ಬಮ್ ಕಾಫಿ ಗೋದಾಮಿನಲ್ಲಿ, ಸುತ್ತ ಗೋಣಿಚೀಲ ಕಟ್ಟಿಕೊಂಡು ಮಾಡಿದ್ದು. ಹಾಡು ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಮ್ಮೂರಿನ ಮಾತಿನ ಹಾಗೆಯೇ. ಡ್ರಮ್ಮಿನ ಸದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ನಿನಂತಿತ್ತು. 'ಹುರುಪು ಇದೆ, ಹದ ಇಲ್ಲ' ಎಂದು ಬರೆದೆ. ಎರಡನೆಯದರಲ್ಲಿ ಹದವೂ ಬಂತು. ಅದರ ಮೂರನೇ ಹಾಡಿನ ಪಲ್ಲವಿಯನ್ನು ಪಿಕಿಂಗಿಗೆ ಬಂದ ಹೆಂಗಸರೂ ಗುನುಗುತ್ತಿದ್ದರು. ಬಾಯ್ತುಂಬ ಹೊಗಳಿದೆ. ಅಲ್ಲಿಂದ ಹಾಡುಗಾರನಿಗೆ ನನ್ನ ಮಾತೆಂದರೆ ವೇದವಾಕ್ಯ. ಬಿಡುಗಡೆಗೆ ಮುಂಚೆ ನನಗೆ ಕೇಳಿಸಿ, ನನ್ನ ಬರಹ ನೋಡಿಯೇ ಮುಂದಿನ ಕೆಲಸ ಎಂದು ಹೇಳತೊಡಗಿದ. ನನಗೂ ಕೊಂಬು ಬಂತು.

ಮೂರನೆಯ ಆಲ್ಬಮ್ಮನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದುಕೊಟ್ಟವನು ನನ್ನ ಗೆಳೆಯನೇ. ಆಟಿ ತಿಂಗಳ, ಅಂದರೆ ಆಷಾಢದ ಮಳೆ ಸುರಿಯುತ್ತಿತ್ತು. ಸುಂಟಿಕೊಪ್ಪ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅದನ್ನು ಪ್ಲಾಸ್ಟಿಕ್ ಕವರಿನಿಂದ ಬಿಚ್ಚಿ ಕೈಯಲ್ಲಿಟ್ಟ.

"ನಿಧಾನಕ್ಕೆ ಕೇಳು ಮಾರಾಯ. ಇದ್ರಲ್ಲಿ ನಂದೂ ಸ್ವಲ್ಪ ಉಂಟು" ಎಂದ.

ಸ್ವಲ್ಪ ಎಂದು ಅವನು ಹೇಳಿದರೆ ಬಹಳ ಎಂದು ತಿಳಿಯಬೇಕಿತ್ತು. ಅಷ್ಟು ವರ್ಷದ ಗೆಳೆತನದಲ್ಲಿ ಅದೊಂದು ತಿಳಿವಳಿಕೆ ನನಗೆ ಬಂದಿರಲಿಲ್ಲ.

ನಾನು ಹಾಡು ಕೇಳುತ್ತಿದ್ದುದು ಎಸ್ಟೇಟಿನ ಹಳೆಯ ಜೀಪಿನಲ್ಲಿ. ಮನೆಯಲ್ಲಿ ಮಳೆಗಾಲ ಪೂರ್ತಿ ಕರೆಂಟು ಹೋಗುವುದು, ಬರುವುದು. ಜೀಪಿನಲ್ಲಾದರೆ ಒಬ್ಬನೇ, ಹಾರಂಗಿ ಕಡೆಗೆ ಒಂದು ಸುತ್ತು ಹೋಗಿ ಬಂದರೆ ಒಂದು ಆಲ್ಬಮ್ ಮುಗಿಯುತ್ತದೆ. ಮೂರು ದಿನ ಮೂರು ಸುತ್ತು ಹೊಡೆದೆ. ಟಾರ್ಪಾಲಿನ ಮೇಲೆ ಮಳೆ, ಒಳಗೆ ಅವರ ಹಾಡು. ಹಾಡು ನನಗೆ ಬಡಕಲಾಗಿ ಕೇಳಿಸಿತು. ಹಾಡುಗಾರ ಒಂದು ಸಾಲು ಹಾಡುತ್ತಾನೆ, ನಿಲ್ಲುತ್ತಾನೆ, ಅಲ್ಲಿ ಏನೋ ಆಗಬೇಕು, ಏನೂ ಆಗುವುದಿಲ್ಲ. ದೂರದಲ್ಲೆಲ್ಲೋ ಒಂದು ಗಿಟಾರು ನರಳಿದಂತೆ ಕೇಳಿ ಮಾಯವಾಗುತ್ತದೆ. ಐದನೇ ಹಾಡಿನ ನಡುವೆಯಂತೂ ಉದ್ದಕ್ಕೆ ಬರೀ ಡ್ರಮ್ಮು. ನನಗೆ ರೇಗಿತು. ನಾನು ಇಷ್ಟು ಹೊಗಳಿ ಮೇಲೆ ಕೂರಿಸಿದವರು ಹೀಗೆ ಮಾಡಬಹುದೇ ಎಂಬ ಸಿಟ್ಟು.

ಅದೇ ಸಿಟ್ಟಿನಲ್ಲಿ ಬರೆದೆ. 'ಹಾಡುಗಾರ ಪ್ರಶ್ನೆ ಕೇಳುತ್ತಾನೆ, ಉತ್ತರ ಕೊಡುವವರಿಲ್ಲ. ಎರಡನೇ ಗಿಟಾರಿನವರು ಪಕ್ಕದ ಎಸ್ಟೇಟಿನಲ್ಲಿ ಕೂತು ಬಾರಿಸಿದ ಹಾಗಿದೆ.' ಈ ಸಾಲು ಹೊಳೆದಾಗ ಒಬ್ಬನೇ ನಕ್ಕೆ. ಬರೆಯುವವರಿಗೆ ಇದೊಂದು ಕೆಟ್ಟ ಸುಖ. ಅದು ಯಾರ ಮೈಗೆ ತಾಗುತ್ತದೆ ಎಂದು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸಾಲು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆಲ್ಬಮ್ ಹೊರಬರುವ ಮುಂಚೆಯೇ ಊರೆಲ್ಲ ಅದನ್ನು ಓದಿತು. ಹಾಡುಗಾರ ನನಗೆ ಫೋನು ಮಾಡಿ, "ನೀವು ಹೇಳಿದ್ದು ಸರಿ ಉಂಟು. ಆ ಗಿಟಾರು ಇದ್ದರೆಷ್ಟು, ಬಿಟ್ಟರೆಷ್ಟು? ತೆಗೆದೇ ಬಿಡುವಾ" ಎಂದ. ತೆಗೆದೇಬಿಟ್ಟ. ಆ ಜಾಗದಲ್ಲೆಲ್ಲ ಕೀಬೋರ್ಡ್ ತುಂಬಿಸಿ ಆಲ್ಬಮ್ ಬಿಡುಗಡೆ ಮಾಡಿದ. ನನ್ನ ಒಂದು ಮಾತಿಗೆ ಒಂದು ಆಲ್ಬಮ್ಮೇ ಬದಲಾಯಿತಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಬರಹ ಹಾಕಿದ ವಾರದಲ್ಲೇ, ಅಂದರೆ ಹಾಡುಗಾರ ಗಿಟಾರನ್ನು ತೆಗೆಯುವ ಮುಂಚೆಯೇ, ಗೆಳೆಯ ರಸ್ತೆಬದಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದ. ಜೀಪು ನಿಲ್ಲಿಸಿ ಹತ್ತಿಸಿಕೊಂಡೆ. ಅವನು ಬರಹದ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಾವುದೋ ಹಳೆಯ ಸಿನಿಮಾ ಹಾಡು ಹಾಕಿದ್ದೆ. ಅವನು ಕೈ ಚಾಚಿ ಸ್ಟೀರಿಯೋದ ಗುಂಡಿಯೊಂದನ್ನು ಬಲಕ್ಕೆ ತಿರುಗಿಸಿದ. ಹಾಡು ಪೂರ್ತಿ ನಿಂತಿತು. ಎಡಕ್ಕೆ ತಿರುಗಿಸಿದ, ಮತ್ತೆ ಬಂತು. ಸೌಂಡು ಕಮ್ಮಿ ಮಾಡಿ ಏನೋ ಹೇಳಲು ಹೊರಟಿದ್ದಾನೆ ಎಂದುಕೊಂಡೆ.

ಗುಂಡಿಯಿಂದ ಕೈ ತೆಗೆದು, "ಅದನ್ನ ಇನ್ನೊಂದ್ ಸಲ ಕೇಳ್ತೀಯಾ?" ಎಂದ.

"ಮೂರು ಸಲ ಕೇಳಿದ್ದೀನಿ ಮಾರಾಯ. ಮೂರು ಸಲ ಕೇಳ್ದೆ ನಾನು ಬರೆಯಲ್ಲ, ನಿಂಗೆ ಗೊತ್ತಲ್ಲ" ಎಂದೆ.

"ಗೊತ್ತುಂಟು" ಎಂದ. ಅವನ ತಿರುವು ಬಂತು, ಇಳಿದು ಹೋದ.

ಡಿಸೆಂಬರಿನಲ್ಲಿ ವಿರಾಜಪೇಟೆಯಲ್ಲಿ ಒಂದು ಮದುವೆ. ಅವರ ಬ್ಯಾಂಡ್ ಇತ್ತು, ನಾನೂ ಹೋಗಿದ್ದೆ. ನಮ್ಮ ಕಡೆ ಮದುವೆಯಲ್ಲಿ ರಾಕ್ ಬ್ಯಾಂಡಿನ ಆಯುಷ್ಯ ಕಡಿಮೆ. ಜನಕ್ಕೆ ಎರಡು ಪೆಗ್ಗು ಇಳಿಯುತ್ತಿದ್ದಂತೆ ವಾಲಗದ ತಾಳವೇ ಬೇಕು, ಅದಕ್ಕೆ ಕುಣಿಯದ ಕಾಲಿಲ್ಲ. ಅದಕ್ಕೆ ಮುಂಚೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಇವರು ತಮ್ಮ ಹಾಡು ಹಾಡಿಕೊಳ್ಳಬೇಕು. ಎರಡನೇ ಆಲ್ಬಮ್ಮಿನ ಹಾಡೊಂದರ ನಡುವೆ ಗೆಳೆಯ ಒಬ್ಬನೇ ಬಾರಿಸುವ ಜಾಗ ಬಂತು. ಅವನು ಒಂದು ಹೆಜ್ಜೆ ಮುಂದೆ ಬಂದ. ಹಿಂದಿನಿಂದ ಯಾರೋ ಕೂಗಿದರು, "ಪಕ್ಕದ ಎಸ್ಟೇಟು!" ಇಡೀ ಸಾಲು ನಕ್ಕಿತು.

ನಾನೂ ನಕ್ಕೆ. ಇದನ್ನು ಬರೆಯದೆ ಬಿಟ್ಟರೆ ಬೇರೆ ಏನು ಬರೆದೂ ಪ್ರಯೋಜನ ಇಲ್ಲ. ನನ್ನ ಸಾಲು ವಿರಾಜಪೇಟೆ ತನಕ ಬಂದಿದೆಯಲ್ಲ ಎಂಬ ಸಂತೋಷಕ್ಕೆ ನಕ್ಕೆ. ಅವನು ತಲೆ ಎತ್ತಿ ಜನರತ್ತ ನೋಡಿದ. ಅವರ ನಡುವೆ ನಗುತ್ತಿದ್ದ ನಾನೂ ಅವನಿಗೆ ಕಂಡೆ. ಗಿಟಾರಿನ ಸೌಂಡಿನ ಗುಂಡಿಯನ್ನು ತಾನೇ ಕಿರುಬೆರಳಿನಲ್ಲಿ ಇಳಿಸಿದ, ಒಂದು ಹೆಜ್ಜೆ ಹಿಂದೆ ಹೋದ. ಉಳಿದದ್ದನ್ನು ಬಾರಿಸಿ ಮುಗಿಸಿದನೋ ಇಲ್ಲವೋ, ಯಾರಿಗೂ ಕೇಳಿಸಲಿಲ್ಲ.

ಆ ಮದುವೆ ಕಾಲ ಮುಗಿಯುವಷ್ಟರಲ್ಲಿ ಅವನು ಬ್ಯಾಂಡ್ ಬಿಟ್ಟ. ಕೆಲಸ ಜಾಸ್ತಿ ಎಂದನಂತೆ. ಎದುರು ಸಿಕ್ಕರೆ ಮಾತಾಡುತ್ತಿದ್ದೆವು, ಮಳೆ, ಮೆಣಸು, ಆನೆ ಕಾಟ, ಅಷ್ಟೆ. ಬ್ಯಾಂಡೂ ಒಂದೆರಡು ವರ್ಷದಲ್ಲಿ ಚದುರಿತು. ಓದುವವರಿಲ್ಲದೆ ನನ್ನ ಬ್ಲಾಗೂ ನಿಂತಿತು. ಆದರೆ ಆ ಮಾತು ಮಾತ್ರ ನಿಲ್ಲಲಿಲ್ಲ. ಈಗಲೂ ಸುಂಟಿಕೊಪ್ಪದಲ್ಲಿ ಅವನನ್ನು ಕೆಲವರು ಕರೆಯುವುದು ಪಕ್ಕದ ಎಸ್ಟೇಟು ಎಂದೇ. ಕರೆಯುವವರಿಗೆ ಅದು ಎಲ್ಲಿಂದ ಬಂತು ಎಂಬುದೂ ಗೊತ್ತಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಜೀಪಿನ ಹಾರ್ನ್ ಕೆಟ್ಟಿತು. ಕುಶಾಲನಗರದ ಆಟೋ ಎಲೆಕ್ಟ್ರಿಷಿಯನ್ ಹಾರ್ನಿನ ವೈರು ಹುಡುಕುತ್ತಾ ಡ್ಯಾಶ್‌ಬೋರ್ಡಿನ ಕೆಳಗೆ ಬಲಮೂಲೆಯಿಂದ ಒಂದು ಹಿಡಿ ವೈರು ಎಳೆದು ತೋರಿಸಿದ.

"ಇಲಿ ಕಡ್ದಿದೆ ಸಾರ್. ಈ ಕಡೆ ಸ್ಪೀಕರು ಸತ್ತು ವರ್ಷಗಳೇ ಆಗಿವೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ಗೊತ್ತಿರಲಿಲ್ಲ ಎಂದರೆ ಅರ್ಧ ಸುಳ್ಳು. ಆ ಮಳೆಗಾಲಕ್ಕೂ ಮುಂಚೆಯೇ ಬಲಗಡೆ ಒಮ್ಮೊಮ್ಮೆ ಕರಕರ ಅಂದು ಸುಮ್ಮನಾಗುತ್ತಿತ್ತು. ಹಳೆಯ ಹಾಡುಗಳು ಎರಡೂ ಕಡೆ ಒಂದೇ ರೀತಿ ಬರುವುದರಿಂದ ಏನೂ ಕೊರತೆ ಅನಿಸಲಿಲ್ಲ. ಒಂದು ದಿನ ನೋಡಿಸಬೇಕು ಎಂದುಕೊಂಡಿದ್ದೆ. ಅವನು ಹೊಸ ವೈರು ಜೋಡಿಸಿ ಟೇಪು ಸುತ್ತಿದ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಆ ಹಳೆಯ ಪೆನ್‌ಡ್ರೈವ್ ಇನ್ನೂ ಬಿದ್ದಿತ್ತು. ದಾರಿಯಲ್ಲಿ ಹಾಕಿದೆ.

ಹಾಡುಗಾರ ಒಂದು ಸಾಲು ಹಾಡಿ ನಿಲ್ಲಿಸಿದ. ನನ್ನ ಬಲಮೊಣಕಾಲಿನ ಪಕ್ಕದಿಂದ ಗಿಟಾರು ಉತ್ತರ ಕೊಟ್ಟಿತು. ಅವನು ಇನ್ನೊಂದು ಸಾಲು ಹಾಡಿದ, ಅದು ಸಮಾಧಾನ ಹೇಳಿದಂತೆ, ಸ್ವಲ್ಪ ಬೈದಂತೆ ಮತ್ತೆ ಉತ್ತರಿಸಿತು. ಗೆಳೆಯನ ಗಿಟಾರನ್ನು ಬಲಗಡೆಯ ಸ್ಪೀಕರಿನಲ್ಲೇ ಬರುವಂತೆ ಕೂರಿಸಿದ್ದರು. ಇಡೀ ಆಲ್ಬಮ್ ಎಡಕ್ಕೂ ಬಲಕ್ಕೂ ನಡೆಯುವ ಮಾತುಕತೆ. ಐದನೇ ಹಾಡಿನಲ್ಲಿ, ಬರೀ ಡ್ರಮ್ಮು ಎಂದು ನಾನು ಬೈದ ಜಾಗದಲ್ಲಿ, ನನ್ನ ಮಾತು ಕಡಿಮೆಯ ಗೆಳೆಯ ಅಷ್ಟು ವರ್ಷ ಆಡದೆ ಉಳಿಸಿಕೊಂಡದ್ದನ್ನೆಲ್ಲ ಆಡುತ್ತಿದ್ದ. ಜೀಪನ್ನು ರಸ್ತೆ ಪಕ್ಕಕ್ಕೆ ಹಾಕಿ ಅತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ. ಇನ್ನೊಬ್ಬ ಕುಣಿಯುತ್ತಿದ್ದವನ ಕಾಲ ಕೆಳಗಿನ ನೆಲವನ್ನೇ ಕಿತ್ತುಕೊಂಡೆ.

ಮರುದಿನ ಅವನನ್ನು ಹುಡುಕಿಕೊಂಡು ಹೋದೆ. ಕಾಫಿ ಹೂವಿಗೆ ನೀರು ಹಾಯಿಸುವ ಸಮಯ. ಹಾರಂಗಿ ಹಿನ್ನೀರಿನ ಪಕ್ಕದ ತೋಟದಲ್ಲಿ, ಪಂಪ್‌ಶೆಡ್ಡಿನ ಮುಂದೆ ಕೂತು ಮೋಟಾರು ಬಿಚ್ಚುತ್ತಿದ್ದ. ನಾನು ನಿಂತೇ ಎಲ್ಲ ಹೇಳಿದೆ. ಇಲಿ, ವೈರು, ಬಲಗಡೆಯ ಸ್ಪೀಕರು, ಡಬ್ಬಿಯಲ್ಲಿ ಉಳಿದಿದ್ದ ಪೆನ್‌ಡ್ರೈವ್. ತಪ್ಪಾಯಿತು ಎಂದೆ.

ಅವನು ಸ್ಪ್ಯಾನರು ಕೆಳಗಿಡಲಿಲ್ಲ. "ಸ್ಪೀಕರಿನ ವಿಷ್ಯ ಗೊತ್ತಿತ್ತು. ಅವತ್ತು ನಿನ್ ಜೀಪಲ್ಲಿ ಬ್ಯಾಲೆನ್ಸ್ ಗುಂಡಿ ಬಲಕ್ಕೆ ತಿರುಗ್ಸಿ ನೋಡಿದ್ನಲ್ಲ, ಆ ಕಡೆ ಸದ್ದೇ ಇರ್ಲಿಲ್ಲ" ಎಂದ.

"ಹೇಳ್ಬಾರ್ದಿತ್ತಾ ಮಾರಾಯ?"

"ಇನ್ನೊಂದ್ ಸಲ ಕೇಳು ಅಂದೆ ಅಲ್ವಾ?"

ಅವನು ಬೋಲ್ಟು ತಿರುಗಿಸುತ್ತಲೇ ಇದ್ದ. ಆ ಐದನೇ ಹಾಡನ್ನು ಈಗೊಮ್ಮೆ ನನ್ನೆದುರು ಬಾರಿಸುತ್ತೀಯಾ ಎಂದು ಕೇಳಿದೆ.

"ಮರ್ತೋಗಿದೆ. ಗಿಟಾರೂ ಕೊಟ್ಟಾಯ್ತು. ರೆಕಾರ್ಡಿಂಗ್ ಇದ್ದ ಬ್ಯಾಂಡಿನವ್ರ ಕಂಪ್ಯೂಟರಿಗೆ ಮಳೆಗಾಲದಲ್ಲಿ ಬೂಸ್ಟು ಹಿಡ್ದು ಹೋಯ್ತು. ಅದು ಈಗ ನಿನ್ ಜೀಪಲ್ಲಿ ಮಾತ್ರ ಉಂಟು."

ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ತೆಗೆದು ಅವನ ಮುಂದೆ ಹಿಡಿದೆ. ಅವನು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಅವನ ಎಡಗೈ ಬೆರಳ ತುದಿಯಲ್ಲಿ ತಂತಿ ಒತ್ತಿ ಒತ್ತಿ ಆಗಿದ್ದ ಜಡ್ಡು ಈಗ ಇರಲಿಲ್ಲ. ಸ್ವಲ್ಪ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ವಾಪಸು ಇಟ್ಟ.

"ಎಷ್ಟು ಸಲ ಕೇಳ್ದೆ?"

"ಒಂದು ಸಲ."

"ಹಂಗಾದ್ರೆ ನೀನೇ ಇಟ್ಕೋ. ಎರಡು ಸಲ ಬಾಕಿ ಉಂಟಲ್ಲ" ಎಂದು ಮೋಟಾರಿನ ಕಡೆ ತಿರುಗಿದ.

ಎರಡನೇ ಸಲ ಕೇಳಿದ್ದೇನೆ. ಮೂರನೆಯದನ್ನು ಅವನ ಜೊತೆ ಕೂತು ಕೇಳಬೇಕೆಂದು ಜೀಪು ತೆಗೆದುಕೊಂಡು ಎರಡು ಬಾರಿ ಅವನಿದ್ದಲ್ಲಿಗೆ ಹೋದೆ. ಎರಡು ಬಾರಿಯೂ ಕೆಲಸ ಉಂಟು ಎಂದ.