ಯಾರಿಗೂ ಓದಲಾಗದ ನಂಬರು

ಸಾರನ್ನ ಕಲಸುವಾಗಲೂ ಅವರ ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಕಾಣುತ್ತಿತ್ತು. ಸೀಮೆಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹುಣಸೂರಿನಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಿದ್ದ ಅವರನ್ನು ಎಲ್ಲರೂ ಪೇಂಟರಣ್ಣ ಎನ್ನುತ್ತಿದ್ದರು. ನಾನು ಪಾಠ ಹೇಳುತ್ತಿದ್ದ ಸ್ಕೂಲಿನ ಎದುರಿಗೇ, ರಸ್ತೆಯ ಆಚೆ ಬದಿಗೆ ಅವರ ಅಂಗಡಿ.

ಸಾದಾ ಅಕ್ಷರಕ್ಕೆ ಒಂದು ರೇಟು. ಹೊಗೆಸೊಪ್ಪು ಮಾರಿ ಜೇಬು ತುಂಬಿದವರು ಹೊಸ ಬುಲೆಟ್ಟೋ ಜೀಪೋ ತಂದು "ಸ್ಟೈಲಾಗಿ ಬರಿ ಕಣಣ್ಣ" ಅಂದರೆ ಡಬಲ್ ರೇಟು. ಆ ಹೆಚ್ಚಿನ ದುಡ್ಡಲ್ಲಿ ಬಣ್ಣ ತಂದು, ಮಕ್ಕಳು ರಸ್ತೆ ದಾಟಲೆಂದು ಸ್ಕೂಲಿನ ಮುಂದೆ ಬಿಳಿ ಪಟ್ಟೆ ಬಳಿಯುತ್ತಿದ್ದರು. ಪಟ್ಟೆಗಾಗಿ ಪುರಸಭೆಗೆ ಅರ್ಜಿ ಕೊಟ್ಟೂ ಕೊಟ್ಟೂ ನಮಗೆ ಸಾಕಾಗಿತ್ತು. "ಶೋಕಿ ಮಾಡೋರ ಕಾಸು ಮಕ್ಳಿಗಾಗ್ಲಿ ಬುಡಿ ಟೀಚರಮ್ಮ" ಎಂದು ನಗುವರು. ಲಾರಿಯವನು ಹಾರನ್ ಹೊಡೆದರೆ ಬ್ರಶ್ ಎತ್ತಿ, "ನಿಂತ್ಕೊಳ್ಲಾ, ಒಣಗ್ಲಿ!" ಅನ್ನುವರು.

ಆ ಪಟ್ಟೆಯ ಮೇಲೆಯೇ ಒಂದು ಸಂಜೆ ನನ್ನ ಎರಡನೇ ಕ್ಲಾಸಿನ ಹುಡುಗಿಗೆ ಜೀಪೊಂದು ಗುದ್ದಿ, ನಿಲ್ಲದೆ ಹೋಯಿತು. ಮಗು ಉಳಿಯಲಿಲ್ಲ. ನಾನು ಗೇಟಿನಲ್ಲೇ ಇದ್ದೆ. ಪ್ಲೇಟು ಕಣ್ಣಾರೆ ಕಂಡೆ, ನಂಬರು ಓದಲಾಗಲಿಲ್ಲ. ಅಕ್ಷರವೆಲ್ಲ ಬರೀ ಸುತ್ತು ಬಳ್ಳಿ. ಪೇಂಟರಣ್ಣ ಅಂಗಡಿಯೊಳಗಿಂದ ಓಡಿಬಂದು ಕೇಳಿದರು, "ಮೂಲೇಲಿ ಹುಲಿ ಮುಖ ಇತ್ತಾ?"

"ಇತ್ತು."

ಅವರು ರಸ್ತೆಯಲ್ಲೇ ಕುಕ್ಕರಿಸಿದರು. "ನಾನೇ ಬರ್ದಿದ್ದು ಕಣಮ್ಮ. ನನ್ ಕೈಗೆ ಹುಳ ಬೀಳ!"

ಜೀಪು ಊರಿನ ದೊಡ್ಡ ಹೊಗೆಸೊಪ್ಪು ವ್ಯಾಪಾರಿಯದು. ಸ್ಟೇಷನ್ನಿಗೆ ಇಬ್ಬರೂ ಹೋದೆವು. ಅಷ್ಟರಲ್ಲಿ ಜೀಪಿಗೆ ಹೊಸ ಪ್ಲೇಟು ಬಂದಿತ್ತು. ಇನ್ಸ್‌ಪೆಕ್ಟರು ಪೇಂಟರಣ್ಣನನ್ನು ನೋಡಿ, "ಅಂಥ ಪ್ಲೇಟು ಬರೆಯೋದೇ ತಪ್ಪು. ಮೊದ್ಲು ನಿನ್ನನ್ನ ಒಳಗಾಕ್ಲಾ?" ಅಂದರು. ದೂರು ಬರೆದುಕೊಳ್ಳಲೇ ಇಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಆಮೇಲೆ ಅವರು ಸಾದಾ ಅಕ್ಷರ ಬಿಟ್ಟು ಬೇರೆ ಬರೆಯಲಿಲ್ಲ. ಶೋಕಿಯವರು ಸ್ಟಿಕ್ಕರ್ ಅಂಗಡಿ ಹಿಡಿದರು. ಪಟ್ಟೆಯ ಬಣ್ಣಕ್ಕೆ ತಮ್ಮ ಕೈಯಿಂದಲೇ ದುಡ್ಡು ಹಾಕುವರು, ಊಟ ಬಿಟ್ಟಾದರೂ.

ಎರಡು ವರ್ಷ ಕಳೆದ ಮೇಲೆ ಅದೇ ವ್ಯಾಪಾರಿ ನಮ್ಮ ಸ್ಕೂಲಿಗೆ ಬೋರ್ಡು ದಾನ ಕೊಟ್ಟ. ಕೆಳಗೆ 'ಮಕ್ಕಳಿದ್ದಾರೆ, ನಿಧಾನ', ಮೇಲೆ ಅವನ ಹೆಸರು. ಬರೆಯುವ ಕೆಲಸ ಪೇಂಟರಣ್ಣನಿಗೇ ಬಂತು.

"ಥೂ, ಮುಟ್ಟಬೇಡಿ" ಅಂದೆ.

"ಬೋರ್ಡು ಮಕ್ಳಿಗೆ ಬೇಕಲ್ಲಮ್ಮ" ಅಂದರು. ಬ್ರಶ್ ಒರೆಸಿಕೊಳ್ಳುತ್ತ, "ಅವ್ನ ಎಸ್ರು ಮಾತ್ರ ಕೂಸು ಓದೋ ಅಂಗೆ ಬರೀತೀನಿ."

ಹಾಗೇ ಬರೆದರು. ಬಳ್ಳಿಯಿಲ್ಲ, ಹುಲಿಯಿಲ್ಲ, ಗುಂಡಗಿನ ಕಪ್ಪು ಅಕ್ಷರ. ಮರುವರ್ಷ ಎದೆನೋವಿನಿಂದ ತೀರಿಕೊಂಡರು. ಪಟ್ಟೆ ಅಳಿಸಿಹೋಯಿತು, ಮತ್ತೆ ಬಳಿದವರಿಲ್ಲ.

ಬೋರ್ಡಿದೆ. ಒಂದನೇ ಕ್ಲಾಸಿನ ಮಕ್ಕಳು ಕಾಗುಣಿತ ಕಲಿತದ್ದೇ ತಡ, ಆ ಹೆಸರನ್ನು ಕೂಡಿಸಿ ಓದಿ, "ಇವ್ರು ಯಾರು ಮಿಸ್? ಏನ್ಮಾಡಿದ್ರು?" ಎಂದು ಕೇಳುತ್ತವೆ.

ನಾನು ಹೇಳುತ್ತೇನೆ. ಒಂದು ವರ್ಷವೂ ಬಿಟ್ಟಿಲ್ಲ.